ಹಸಿರು ಸೀರೆಯಲ್ಲೇ ಆಸ್ಪತ್ರೆಗೆ

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ನಾನು ಐದನೇ ತರಗತಿಯಲ್ಲಿದ್ದೆ. ಅಪ್ಪ ನಾಸಿಕದ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರು. ಕಲಬುರಗಿ ಕಡೆಯಿಂದ ಬಂದು ಕಾಲೊನಿಯ ಕ್ವಾರ್ಟರ್ಸ್‌ನಲ್ಲಿ ಸಂಸಾರ ಹೂಡಿದವರು. ಅವರ ಗೆಳೆಯರೊಬ್ಬರಿಗೆ ಪಿಂಪಳಗಾಂವ್ ಬಸವಂತದ ಬಳಿ ದ್ರಾಕ್ಷಿ ತೋಟವಿತ್ತು. ಒಂದು ಭಾನುವಾರ ನಾವೆಲ್ಲ ಅಲ್ಲಿಗೆ ಹೋಗಿದ್ದೆವು. ಬೇರೆ ಮಕ್ಕಳು ಬಳ್ಳಿಗಳ ಸಾಲಿನಲ್ಲಿ ಓಡಾಡುತ್ತಿದ್ದರೆ ನಾನು ಪಂಪಿನ ಮನೆಯ ಕೊಳವೆಗೆ ಬಾಯಿಟ್ಟು ನೀರು ಕುಡಿಯುತ್ತ ನಿಂತಿದ್ದೆ. ಬಿಸಿಲು ಬಡಿದಿರಬೇಕು ಎಂದು ಅವ್ವ ಅಂದಳು. ಮುಂದಿನ ವಾರ ಲಂಗ ಸೊಂಟದಲ್ಲಿ ನಿಲ್ಲದಾಯಿತು. ಆಮೇಲೆ ವಾಂತಿ, ನಾಯಿಯಂತೆ ಏದುಸಿರು, ನಾಸಿಕದ ಆಸ್ಪತ್ರೆಯಲ್ಲಿ ಗಾಜಿನ ಬಾಗಿಲ ಹಿಂದಿನ ಹಾಸಿಗೆ. ನನ್ನದು ಮುದುಕರಿಗೆ ಬರುವ ಬಗೆಯ ಸಕ್ಕರೆಯಲ್ಲ. ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿಬಿಟ್ಟಿತ್ತು. ಅದಕ್ಕೆ ಗುಳಿಗೆ ಇಲ್ಲ, ಸೂಜಿಯೊಂದೇ.

ಮುಂದಿನ ವರ್ಷಗಳಲ್ಲಿ ಅದರ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಬೇರೆಯವರು ಕನ್ನಡಕ ಹಾಕಿಕೊಂಡಂತೆ ನಾನು ಸೂಜಿ ಚುಚ್ಚಿಕೊಂಡೆ. ಡಿಪ್ಲೊಮಾ ಮುಗಿಸಿದೆ. ಕಂಪ್ಯೂಟರಿನಲ್ಲಿ ಅಚ್ಚುಗಳ ನಕ್ಷೆ ತೆಗೆಯುವ ಕೆಲಸ ಕಲಿತೆ.

ಮದುವೆಯ ಮಾತು ಬಂದಾಗ ಮಾತ್ರ ಅದು ಮತ್ತೆ ಮನೆಯ ದೊಡ್ಡ ವಿಷಯವಾಯಿತು. ಹುಡುಗನ ಮನೆಯವರು ಬೀದರ್ ಜಿಲ್ಲೆಯವರು, ಎರಡು ತಲೆಮಾರಿನಿಂದ ಸಂಭಾಜಿನಗರದಲ್ಲಿ, ಅಂದರೆ ಹಳೆಯ ಔರಂಗಾಬಾದಿನಲ್ಲಿ, ಇದ್ದರು. ಮಾವ ಬಟ್ಟೆ ಅಂಗಡಿ ಇಟ್ಟಿದ್ದವರು, ಆಗಲೇ ತೀರಿಕೊಂಡಿದ್ದರು. ಹುಡುಗ ಊರಾಚೆಯ ವಾಳೂಜಿನ ಕಾರ್ಖಾನೆಯೊಂದರಲ್ಲಿ ಗಾಡಿಗಳ ಬಿಡಿಭಾಗ ತಯಾರಿಸುವ ವಿಭಾಗದ ಮೇಲ್ವಿಚಾರಕ. ನೋಡಲು ಬಂದ ದಿನವೇ, ಉಪ್ಪಿಟ್ಟಿನ ತಟ್ಟೆ ಅವರ ಕೈಯಲ್ಲಿರುವಾಗಲೇ, ಅಪ್ಪ ಎಲ್ಲವನ್ನೂ ಹೇಳಿಬಿಟ್ಟರು. ಹುಡುಗನ ತಾಯಿ ತಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ದಿನಾ ಯಾರ ಚುಚ್ತಾರ?”

“ನಾನೇ ಚುಚ್ಕೊಳ್ತೀನ್ರಿ.”

“ಹಂಗಾದ್ರ ಆತು,” ಎಂದು ಅವರು ತಟ್ಟೆ ಮತ್ತೆ ಎತ್ತಿಕೊಂಡರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಅವ್ವನಿಗೆ, “ನಮ್ಮ ಮಂದಿಗಿ ಇದನ್ನೆಲ್ಲ ಹೇಳೂದು ಬ್ಯಾಡ್ರಿ. ಒಬ್ಬರಿಗಿ ಹೇಳಿದ್ರ ಬೀದರ್ ತನಕ ಹೋಗ್ತದ,” ಎಂದರು. ಹಾಗೆ ಅದು ನಮ್ಮ ನಾಲ್ಕು ಗೋಡೆಯೊಳಗಿನ ವಿಷಯವಾಯಿತು. ಹಬ್ಬದೂಟದಲ್ಲಿ ಹೋಳಿಗೆ ಬೇಡವೆಂದರೆ ಸೊಸೆಗೆ ಸಿಹಿ ಸೇರುವುದಿಲ್ಲ ಎಂದು ಅತ್ತೆಯೇ ಹೇಳುತ್ತಿದ್ದರು. ಊಟಕ್ಕೆ ಮೊದಲು ನಾನು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದಕ್ಕೆ ಅವರ ಬಳಿ ದಿನಕ್ಕೊಂದು ನೆಪವಿರುತ್ತಿತ್ತು. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ವಾಳೂಜಿನಲ್ಲೇ ನನಗೂ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಕಂಪನಿಯ ಬಸ್ಸು ಹಿಡಿದರೆ ಸಂಜೆಯವರೆಗೆ ಯಾವ ನೆಂಟರೂ ಇರುತ್ತಿರಲಿಲ್ಲ.

ಮಗು ಬೇಕೆಂದು ನಿರ್ಧರಿಸಿದಾಗ ಮೊದಲು ನನ್ನ ಡಾಕ್ಟರ ಬಳಿ ಹೋದೆವು. ಸಕ್ಕರೆ ಕಾಯಿಲೆಯನ್ನೇ ನೋಡುವ ಮರಾಠಿ ಹೆಂಗಸು, ಮಾತು ಕಡಿಮೆ. ಆಕೆ ನನ್ನ ಗಂಡನನ್ನೂ ಎದುರು ಕೂರಿಸಿಕೊಂಡು ಎರಡು ವಿಷಯ ಹೇಳಿದರು. ಮೊದಲ ತಿಂಗಳುಗಳಲ್ಲಿ ಸಕ್ಕರೆ ಹೇಳದೆ ಕೇಳದೆ ಕೆಳಗೆ ಬೀಳುತ್ತದೆ. ಮೈ ನಡುಗುವುದು, ಬೆವರುವುದು, ಇಷ್ಟು ದಿನ ಎಚ್ಚರಿಸುತ್ತಿದ್ದ ಗುರುತುಗಳೂ ಆಗ ಸಿಗಲಾರವು, ಅದಕ್ಕೇ ಜೊತೆಯಲ್ಲಿರುವವರು ನೋಡಿ ತಿಳಿಯಬೇಕು. ಆಮೇಲಿನ ತಿಂಗಳುಗಳಲ್ಲಿ ಇದರ ತಿರುಗುಮುರುಗು. ವಾಂತಿ ಶುರುವಾಗಿ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದರೆ ಮೀಟರಿನ ಅಂಕಿ ಚೆನ್ನಾಗಿದೆಯೆಂದು ಮನೆಯಲ್ಲಿ ಕೂರಬಾರದು. ಬಸುರಿಯ ರಕ್ತ ಕಡಿಮೆ ಸಕ್ಕರೆಯಲ್ಲೇ ಹುಳಿಯಾಗುತ್ತದೆ, ಬೇಗ ಹುಳಿಯಾಗುತ್ತದೆ. “ಫೋನ್ ಮಾಡಿ ಕೇಳುತ್ತ ಕೂರಬೇಡಿ, ಸೀದಾ ಬನ್ನಿ,” ಎಂದರು. ಗಂಡ ತಲೆಯಾಡಿಸಿದ. ಮನೆಗೆ ಬಂದು ಅದನ್ನೆಲ್ಲ ಅತ್ತೆಗೂ ಹೇಳಿದ.

ಮೊದಲ ಮಾತು ನಿಜವಾದದ್ದು ವೈಜಾಪುರದ ಬಸ್ ನಿಲ್ದಾಣದಲ್ಲಿ. ನಾನು ಮೂರನೇ ತಿಂಗಳಲ್ಲಿದ್ದೆ. ತವರಿಗೆ ಹೋಗಿ, ಅತ್ತೆಯ ಜೊತೆ ನಾಸಿಕದಿಂದ ವಾಪಸ್ ಬರುತ್ತಿದ್ದೆ. ಆ ಮಧ್ಯಾಹ್ನದಲ್ಲಿ ನನಗೆ ನೆನಪಿರುವುದು ಸ್ವಲ್ಪವೇ. ನಮ್ಮ ಬಸ್ಸಿನ ಕಿಟಕಿಯಿಂದ ಎದುರಿಗೆ ನಿಂತ ಬಸ್ಸಿನ ಹಲಗೆ ಓದುತ್ತಿದ್ದೆ, ಅಕ್ಷರಗಳು ಒಂದೊಂದೂ ಗುರುತು ಸಿಗುತ್ತಿದ್ದವು, ಆದರೆ ಕೂಡಿಸಿದರೆ ಊರಿನ ಹೆಸರಾಗುತ್ತಿರಲಿಲ್ಲ. ಅದು ನನಗೆ ವಿಚಿತ್ರವಾಗಿಯೂ ಕಾಣಲಿಲ್ಲ. ಉಳಿದದ್ದು ಅತ್ತೆ ಹೇಳಿ ಗೊತ್ತು. ನಾನು ಕಂಡಕ್ಟರನ ಜೊತೆ ಜಗಳಕ್ಕೆ ನಿಂತೆನಂತೆ. ಅವನು ನನ್ನ ಸ್ಕೇಲು ಕದ್ದಿದ್ದಾನೆ ಎಂದೆನಂತೆ. ಅತ್ತೆ ಕೈ ಹಿಡಿದರೆ ಕೊಸರಿಕೊಂಡೆನಂತೆ. ಸುತ್ತಲಿನವರು ಹುಚ್ಚಿಯೆಂದುಕೊಂಡರು. ಒಬ್ಬಾತ ದೇವಿ ಮೈಮೇಲೆ ಬಂದಿದೆ ಎಂದ.

ಅತ್ತೆ ನನ್ನನ್ನು ತೋಳು ಹಿಡಿದು ಕೆಳಗಿಳಿಸಿ, ನಿಲ್ದಾಣದ ಎದುರಿನ ಕಬ್ಬಿನ ಹಾಲಿನ ಅಂಗಡಿಗೆ ಎಳೆದುಕೊಂಡು ಹೋದರು. ಮೊದಲ ಗ್ಲಾಸನ್ನು ನಾನು ಅವರ ಸೀರೆಯ ಮೇಲೆ ಚೆಲ್ಲಿದೆ. ಎರಡನೆಯದನ್ನು ಕುಡಿಸಲು ಅವರು ಉಪಾಯ ಮಾಡಿದರು.

“ಇದನ್ನ ಕುಡಿ ಯವ್ವಾ, ಆಮ್ಯಾಲ ಆ ಕಂಡಕ್ಟರಗ ಇಬ್ಬರೂ ಕೂಡಿ ಬೈಯೂಣು.”

ಕುಡಿದೆ. ಇನ್ನೂ ಅರ್ಧ ಕುಡಿದೆ. ಸ್ವಲ್ಪ ಹೊತ್ತಿನ ಮೇಲೆ ನಾನು ಒಂದು ಬೆಂಚಿನ ಮೇಲೆ ಕುಳಿತಿರುವುದು, ಮೈಯೆಲ್ಲ ಬೆವರಿನಿಂದ ಒದ್ದೆಯಾಗಿರುವುದು, ನಮ್ಮ ಬಸ್ಸು ಹೊರಟುಹೋಗಿರುವುದು ಗೊತ್ತಾಯಿತು. ಮೀಟರ್ ತೆಗೆದು ಬೆರಳು ಚುಚ್ಚಿ ನೋಡಿಕೊಂಡೆ. ಅಷ್ಟೆಲ್ಲ ಕುಡಿದ ಮೇಲೂ ಸಕ್ಕರೆ ಕಡಿಮೆಯೇ ಇತ್ತು. ಬಿಸ್ಕತ್ತು ತಿಂದೆ. ಅತ್ತೆ ಸೀರೆಯನ್ನು ನೀರಿನಲ್ಲಿ ಅದ್ದಿ ತೊಳೆದುಕೊಂಡು ಬಂದು ನನ್ನ ಪಕ್ಕ ಕುಳಿತರು. 

“ಪ್ರತಿಸಲ ಹಿಂಗೇ ಆಗ್ತದೇನು?”

“ಇಲ್ರಿ ಅತ್ತಿ. ಮೊದಲ ಗೊತ್ತಾಗ್ತಿತ್ತು. ಈಗ ಗೊತ್ತಾಗ್ಲಿಲ್ಲ.”

“ನನಗ ಗೊತ್ತಾತು. ನಿನ ಕಣ್ಣು ನೋಡಿದ ಕೂಡ್ಲೆ ಗೊತ್ತಾತು. ನೀ ಅಲ್ಲಿ ಇದ್ದಿಲ್ಲ.”

ಅಂದಿನಿಂದ ಅವರ ಚೀಲದಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣ ಇರುತ್ತಿತ್ತು. ಇನ್ನೂ ಎರಡು ಬಾರಿ ಅಂಥದ್ದಾಯಿತು, ಎರಡೂ ಮನೆಯಲ್ಲಿ. ಎರಡೂ ಸಲ ನನಗಿಂತ ಮೊದಲು ಅವರೇ ಕಂಡುಹಿಡಿದರು. ಐದನೇ ತಿಂಗಳು ಕಳೆಯುವ ಹೊತ್ತಿಗೆ ಸಕ್ಕರೆ ಬೀಳುವುದು ನಿಂತು, ಏರಲು ಶುರುವಾಯಿತು. ಡಾಕ್ಟರು ಪ್ರತಿ ಭೇಟಿಯಲ್ಲೂ ಇನ್ಸುಲಿನ್ ಹೆಚ್ಚಿಸಿದರು. ಎಲ್ಲವೂ ಅವರು ಹೇಳಿದ ಕ್ರಮದಲ್ಲೇ ನಡೆಯುತ್ತಿತ್ತು. ನಕ್ಷೆಯಲ್ಲಿ ಬರೆದ ಅಳತೆಗೆ ಸರಿಯಾಗಿ ಭಾಗ ತಯಾರಾಗುವುದನ್ನು ನೋಡುತ್ತಿರುವಂತೆ ನಾನು ನನ್ನ ದೇಹವನ್ನು ನೋಡುತ್ತಿದ್ದೆ.

ಏಳನೇ ತಿಂಗಳಲ್ಲಿ ಅತ್ತೆಯ ಮನೆಯ ಕಡೆಯಿಂದ ಕುಬಸ, ಅಂದರೆ ಸೀಮಂತ. ತವರಿನದು ಒಂಬತ್ತರಲ್ಲಿ ಎಂದು ಮಾತಾಗಿತ್ತು. ಬೀದರ್, ಭಾಲ್ಕಿಗಳಿಂದ ಹಿಂದಿನ ದಿನವೇ ಹೆಂಗಸರು ಬಂದಿಳಿದರು. ಬಂದವರಲ್ಲಿ ಇಬ್ಬರಿಗೆ ದಾರಿಯಲ್ಲಿ ತಿಂದದ್ದು ಆಗದೆ ಹೊಟ್ಟೆ ಕೆಟ್ಟಿತ್ತು. ಮರುದಿನ ಬೆಳಿಗ್ಗೆ ನನಗೂ ವಾಂತಿ ಶುರುವಾಯಿತು. ದಿನಪೂರ್ತಿ ಕೆಲಸ ಮಾಡುವ ಇನ್ಸುಲಿನ್ನನ್ನು ಎಂದಿನಂತೆ ತೆಗೆದುಕೊಂಡೆ. ಊಟದ ಮುಂಚಿನದನ್ನು ತೆಗೆದುಕೊಳ್ಳಲಿಲ್ಲ, ಏಕೆಂದರೆ ಊಟವೇ ಇರಲಿಲ್ಲ. ಗುಟುಕು ನೀರು ಕುಡಿದರೂ ಹೊರಗೆ ಬರುತ್ತಿತ್ತು. ಗಂಡ ಬೆಳಗಿನ ಪಾಳಿಗೆ ಹೋಗಿದ್ದ. ಅವರ ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು.

ನನಗೆ ಹಸಿರು ಸೀರೆ ಉಡಿಸಿದರು. ಕೈತುಂಬ ಹಸಿರು ಬಳೆ, ಮುಡಿಗೆ ಮಲ್ಲಿಗೆ. ಗಂಡನ ಸೋದರತ್ತೆ, ಆ ಬಳಗದ ಹಿರಿಯಳು, ಬಾಗಿಲಲ್ಲಿ ನಿಂತು ನಾನು ಮತ್ತೆ ಬಚ್ಚಲಿಗೆ ಓಡುವುದನ್ನು ನೋಡಿ ನಕ್ಕರು. “ಗಂಡುಕೂಸ ಅದ ನೋಡು, ಅದಕ್ಕ ಇಷ್ಟ ಕಾಡ್ಲಿಕತ್ತದ,” ಎಂದರು. ಎಲ್ಲರೂ ನಕ್ಕರು.

ಬಚ್ಚಲಿನಲ್ಲಿ ಬೆರಳು ಚುಚ್ಚಿ ನೋಡಿದೆ. ಇನ್ನೂರರ ಮೇಲೆ ಸ್ವಲ್ಪ. ಶಾಲೆಯ ದಿನಗಳಲ್ಲಿ ಇದರ ಎರಡರಷ್ಟನ್ನು ಎಷ್ಟೋ ಸಲ ನೋಡಿದವಳು ನಾನು. ಬಸಿರಿಲ್ಲದಿದ್ದರೆ ಆ ಅಂಕಿಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ರಕ್ತ ಹುಳಿಯಾಗುವಾಗ ಮೂತ್ರದಲ್ಲಿ ಇಳಿಯುವ ಕೀಟೋನ್ ನೋಡುವ ಕಾಗದದ ಪಟ್ಟಿಗಳು ನನ್ನ ಬಳಿ ಇದ್ದವು. ಅದ್ದಿದ ಪಟ್ಟಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಉಸಿರು ಆಗಲೇ ದೊಡ್ಡದಾಗಿ ಎಳೆಯುತ್ತಿತ್ತು, ನಾನು ಎಳೆಯದಿದ್ದರೂ. ಏನಾಗುತ್ತಿದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಹೊರಗೆ ಬಂದು ಹೇಳಬೇಕೆಂದುಕೊಂಡೆ. ಬಂದೆ. ಆದರೆ ಇಬ್ಬರು ನನ್ನ ತೋಳು ಹಿಡಿದು ಮಣೆಯ ಮೇಲೆ ಕೂರಿಸಿದರು. ಹಾಡು ಶುರುವಾಗಿತ್ತು. ಹೇಳಬೇಕಾದ ವಾಕ್ಯ ಬಾಯಿಯವರೆಗೆ ಬರಲು ಬಹಳ ಹೊತ್ತು ಹಿಡಿಯಿತು. ಸೋದರತ್ತೆ ಪೇಡೆಯೊಂದನ್ನು ನನ್ನ ತುಟಿಗೆ ತಂದರು.

ಅತ್ತೆ ಅಡುಗೆಮನೆಯಿಂದ ಆರತಿ ತಟ್ಟೆ ಹಿಡಿದು ಬಂದವರು ನನ್ನ ಮುಖ ನೋಡಿದರು. ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ನನ್ನ ಮುಂದೆ ಕುಕ್ಕರಿಸಿದರು.

“ಯಾಕ ಹಿಂಗ ಉಸುರು ಬಿಡ್ಲಿಕತ್ತಿ?”

“ಕೀಟೋನ್,” ಎಂದೆ. “ಆಸ್ಪತ್ರಿಗಿ.”

ಅವರು ಎದ್ದರು. “ಹಾಡು ನಿಲ್ಲಸ್ರಿ,” ಎಂದರು. “ಎವ್ವಾ, ಆ ಪೇಡೆ ತಗೀರಿ ಅತ್ಲಾಗ.”

“ಅಯ್ಯ, ಬಸರಿಗಿ ವಾಂತಿ ಆಗೂದಿಲ್ಲೇನು?” ಎಂದರು ಸೋದರತ್ತೆ. “ಉಡಿ ತುಂಬೂದು ಅರ್ಧಕ್ಕ ಬಿಟ್ಟು ಏಳಸಬಾರ್ದು. ನಿಂಬಿಹಣ್ಣಿನ ಪಾನಕ ಮಾಡಿ ಕೊಡ್ರಿ, ಸರಿ ಹೋಗ್ತದ.”

“ಆಕಿಗಿ ಸಕ್ಕರಿ ಬ್ಯಾನಿ ಅದ. ಸಣ್ಣಾಕಿ ಇದ್ದಾಗಿಂದ ಅದ,” ಎಂದರು ಅತ್ತೆ, ಇಡೀ ಕೋಣೆಗೆ ಕೇಳುವಂತೆ. “ದಿನಾ ಸೂಜಿ ಚುಚ್ಕೊಂಡು ಬದುಕ್ಯಾಳ. ನಮಗ ಲಗ್ನಕ್ಕ ಮೊದಲೇ ಗೊತ್ತಿತ್ತು. ನಿಮಗ ನಾನೇ ಹೇಳಿಲ್ಲ. ಈಗ ಹಾದಿ ಬಿಡ್ರಿ.”

 ಆ ಕ್ಷಣದಲ್ಲಿ ನನಗೆ ನಾಚಿಕೆಯಾಗಲೀ ಹಗುರವಾಗಲೀ ಆಗಲಿಲ್ಲ. ಎದುರಿನ ಗೋಡೆಯ ಮೇಲೆ ಮಾವನ ಫೋಟೊಗೆ ಹಾಕಿದ್ದ ಹಾರ ಸ್ವಲ್ಪ ಓರೆಯಾಗಿದೆ ಎಂದು ನೋಡುತ್ತಿದ್ದೆ. ಅತ್ತೆ ನನ್ನ ಔಷಧಿಯ ಚೀಲ ತಂದರು. ಪಕ್ಕದ ಮನೆಯವರು ರಿಕ್ಷಾ ನಿಲ್ಲಿಸಿದರು. ನಾವಿಬ್ಬರೇ ಹತ್ತಿದೆವು. ಅವರು ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ನನ್ನ ಹೊಟ್ಟೆಯ ಮೇಲೆ ಅಡ್ಡಲಾಗಿ ಕೈಯಿಡುತ್ತಿದ್ದರು.

ಆಸ್ಪತ್ರೆಯಲ್ಲಿ ಎಲ್ಲವೂ ಬೇಗ ನಡೆಯಿತು. ಬಳೆಗಳನ್ನು ಮೇಲೆ ತಳ್ಳಿ ಎರಡೂ ಕೈಗೆ ಸೂಜಿ ಹಾಕಿದರು. ಮಣಿಕಟ್ಟಿನಿಂದ ರಕ್ತ ತೆಗೆದರು, ಅದು ನೋಯಿತು. ಒಂದು ಕೈಗೆ ಉಪ್ಪುನೀರು, ಇನ್ನೊಂದಕ್ಕೆ ಯಂತ್ರದಿಂದ ಹನಿಹನಿಯಾಗಿ ಇನ್ಸುಲಿನ್. ಎಡಕ್ಕೆ ಹೊರಳಿಸಿ ಮಲಗಿಸಿ, ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಟದಂಥ ಆ ಸದ್ದು ನನಗೆ ಪರಿಚಿತ. ಅಂದು ಅದರಲ್ಲಿ ಎಂದಿನ ಸಣ್ಣ ಏರಿಳಿತವೇ ಇರಲಿಲ್ಲ. ನಡುನಡುವೆ ಎಡವಿದಂತೆ ನಿಧಾನವಾಗಿ, ಮತ್ತೆ ಓಡುತ್ತಿತ್ತು. ಯಂತ್ರದಿಂದ ಇಳಿಯುತ್ತಿದ್ದ ಕಾಗದದ ಮೇಲೆ ಗೆರೆ ಬಹುತೇಕ ಚಪ್ಪಟೆಯಾಗಿತ್ತು.

ಹೆರಿಗೆಯ ಡಾಕ್ಟರು ಆ ಕಾಗದ ಎಳೆದು ನೋಡಿದರು. ನನ್ನ ಡಾಕ್ಟರೂ ಅಷ್ಟರಲ್ಲಿ ಬಂದಿದ್ದರು. ಇಬ್ಬರೂ ನನ್ನ ಕಾಲ ಬಳಿ ನಿಂತು ಮರಾಠಿಯಲ್ಲಿ ಮಾತಾಡಿದರು. ನನಗೆ ಮರಾಠಿ ಕನ್ನಡದಷ್ಟೇ ಬರುತ್ತದೆಂಬುದು ಅವರಿಗೆ ಮರೆತಿತ್ತೋ, ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದುಕೊಂಡರೋ.

“ಈ ಎದೆಬಡಿತಕ್ಕೆ ನಾನು ಕಾಯುವುದಿಲ್ಲ. ಬೇರೆ ಯಾರಾಗಿದ್ದರೂ ಈಗಲೇ ಆಪರೇಷನ್ನಿಗೆ ಒಯ್ಯುತ್ತಿದ್ದೆ,” ಎಂದರು ಹೆರಿಗೆಯವರು.

“ಈಗ ಒಯ್ದರೆ ತಾಯಿ ಮೇಜಿನ ಮೇಲೇ ಹೋಗಬಹುದು,” ಎಂದರು ನನ್ನ ಡಾಕ್ಟರು. “ರಕ್ತದ ಹುಳಿ ನೋಡಿ. ಪೊಟ್ಯಾಸಿಯಮ್ ನೋಡಿ. ಮಗು ಮುಳುಗಿರುವುದು ಇವಳ ರಕ್ತದಲ್ಲೇ. ಇವಳನ್ನು ಸರಿಮಾಡಿದರೆ ಅದೂ ಸರಿಯಾಗುತ್ತದೆ. ಸ್ವಲ್ಪ ಸಮಯ ಕೊಡಿ.”

“ಆಗದಿದ್ದರೆ?”

“ಆಗದಿದ್ದರೆ ನೀವಿದ್ದೀರಲ್ಲ. ಕೋಣೆ ಸಿದ್ಧ ಇಟ್ಟುಕೊಳ್ಳಿ.”

ಅವರು ಚರ್ಚಿಸುತ್ತಿರುವುದು ನನ್ನ ಬಗ್ಗೆ ಎಂದು ನನಗೆ ಗೊತ್ತಿತ್ತು. ಆದರೂ ಪಕ್ಕದ ಹಾಸಿಗೆಯವಳ ವಿಷಯ ಕೇಳುತ್ತಿರುವಷ್ಟೇ ಆಸಕ್ತಿ ನನಗಿತ್ತು. ಹುಳಿಯಾದ ರಕ್ತ ಮೆದುಳಿಗೆ ಮಾಡುವುದು ಅದನ್ನೇ ಎಂದು ಆಮೇಲೆ ಹೇಳಿದರು. ನನಗೆ ಅದು ಪೂರ್ತಿ ನಿಜವೆನಿಸುವುದಿಲ್ಲ. ಚಿಕ್ಕಂದಿನಿಂದ ನಾನು ನನ್ನ ಬಗ್ಗೆ ಹಾಗೇ ಇದ್ದೇನೆ.

ಅತ್ತೆಯನ್ನು ಒಳಗೆ ಕರೆದರು. ಮಗ ಬರುವವರೆಗೆ ನಿರ್ಧಾರಕ್ಕೆ ಅವರೊಬ್ಬರೇ. ಅವರು ಕೇಳಿದ ಮೊದಲ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. ತಮ್ಮ ಮುರುಕು ಮರಾಠಿಯಲ್ಲಿ ಅವರು ಕೂಸು ಉಳಿಯುತ್ತದೆಯೇ ಎಂದು ಕೇಳಿದರು. ಕೇಳಿ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಸಿಟ್ಟಿನಿಂದಲ್ಲ, ಬಾಯಿ ಒಣಗಿ ಕಣ್ಣೂ ಒಣಗಿದಂತಾಗಿತ್ತು.

“ತಾಯಿ ಸುಧಾರಿಸಿದರೆ ಕೂಸು ಸುಧಾರಿಸುತ್ತದೆ, ಆಜಿ,” ಎಂದರು ನನ್ನ ಡಾಕ್ಟರು. “ತಾಯಿಯನ್ನು ಬಿಟ್ಟು ಕೂಸನ್ನು ಉಳಿಸಲು ನನಗೆ ಬರುವುದಿಲ್ಲ.”

“ಹಂಗಾದ್ರ ಆಕಿನ್ನ ನೋಡ್ರಿ,” ಎಂದರು ಅತ್ತೆ, ಈ ಸಲ ಕನ್ನಡದಲ್ಲೇ. ಡಾಕ್ಟರಿಗೆ ಅರ್ಥವಾಗಿರಬೇಕು. ತಲೆಯಾಡಿಸಿದರು.

ಆಮೇಲೆ ಕಾಯುವುದೇ ಕೆಲಸ. ಗಂಟೆಗೊಮ್ಮೆ ರಕ್ತ ತೆಗೆದರು. ಸಕ್ಕರೆ ಇಳಿದಾಗ ಇನ್ಸುಲಿನ್ ನಿಲ್ಲಿಸದೆ, ಜೊತೆಗೆ ಸಕ್ಕರೆ ನೀರಿನ ಬಾಟಲಿಯನ್ನೂ ಏರಿಸಿದರು. ಎರಡೂ ಒಟ್ಟಿಗೆ ಏಕೆಂದು ನರ್ಸ್ ಅತ್ತೆಗೆ ವಿವರಿಸಿದಳು. ಹುಳಿ ಹೋಗುವವರೆಗೆ ಇನ್ಸುಲಿನ್ ಬೇಕು, ಇನ್ಸುಲಿನ್ ಇರುವವರೆಗೆ ಸಕ್ಕರೆ ಬೇಕು. ಅತ್ತೆ ಸ್ಟೂಲಿನ ಮೇಲೆ ಕುಳಿತು, ನನ್ನ ಮುಡಿಯಿಂದ ಬಾಡಿದ ಮಲ್ಲಿಗೆ ಬಿಡಿಸುತ್ತ, ಕಾಗದದ ಗೆರೆಯನ್ನೇ ನೋಡುತ್ತಿದ್ದರು. ಸಂಜೆಗೆ ಮುಂಚೆ ಗಂಡ ಬಂದ. ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು, ಬೂಟಿನಲ್ಲಿ ಎಣ್ಣೆ ಮೆತ್ತಿತ್ತು. ಗೇಟಿನಲ್ಲಿ ಫೋನ್ ಕೈಗೆ ಬಂದಾಗ ಅದರ ತುಂಬ ಮನೆಯ ಕರೆಗಳಿದ್ದವಂತೆ. ಅವನು ಏನೋ ಹೇಳಲು ಹೊರಟ. ಅತ್ತೆ ಕೈ ಎತ್ತಿ ತಡೆದರು.

“ಸುಮ್ನಿರು. ನೋಡು, ಗೆರಿ ಏರ್ಲಿಕತ್ತದ.”

ಹೌದು, ಚಪ್ಪಟೆ ಗೆರೆಯಲ್ಲಿ ಸಣ್ಣ ಸಣ್ಣ ಹಲ್ಲುಗಳು ಮೂಡುತ್ತಿದ್ದವು. ಎಡವುವುದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಒಂದು ಒದೆತ ಬಿತ್ತು, ಬೆಳಗಿನಿಂದ ಅದೇ ಮೊದಲು. ಹೆರಿಗೆಯ ಡಾಕ್ಟರು ಬಂದು, ಕಾಗದ ಓದಿ, ಆಪರೇಷನ್ ಕೋಣೆಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎಂದರು. ಆಗ ನನಗೆ ಅಳು ಬಂತು. ಅತ್ತು ಮುಗಿದ ಮೇಲೆ ಹಸಿವಾಯಿತು.

ಮನೆಗೆ ಬಂದಾಗ ಬೀದರಿನವರು ಹೊರಟುಹೋಗಿದ್ದರು. ಸೋದರತ್ತೆ ಹೋಗುವ ಮುನ್ನ ಅಡುಗೆಯವಳ ಮುಂದೆ, ರೋಗಿಷ್ಟ ಹುಡುಗಿಯನ್ನು ತಂದು ಬಳಗಕ್ಕೆಲ್ಲ ಮುಚ್ಚಿಟ್ಟರಲ್ಲ ಎಂದಿದ್ದರು. ಆ ಮಾತು ಅತ್ತೆಗೆ ಮುಟ್ಟಿತು. ಅವರು ಫೋನ್ ಮಾಡಿ ಜಗಳವಾಡಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಮುಂದೆ ಮನೆಗೆ ಯಾರೇ ಬಂದರೂ ನಾನು ಊಟದ ಮುಂಚೆ ಕೋಣೆಗೆ ಹೋಗುವುದನ್ನು ಮಾತ್ರ ತಡೆದರು. “ಇಲ್ಲೇ ಕುಂದ್ರು, ಇಲ್ಲೇ ಚುಚ್ಕೊ,” ಎನ್ನುತ್ತಿದ್ದರು. ಮೊದಮೊದಲು ನನಗೆ ಮುಜುಗರವಾಗುತ್ತಿತ್ತು. ಕೋಣೆಯ ಏಕಾಂತ ನನಗೆ ಅಭ್ಯಾಸವಾಗಿತ್ತು.

ಕೊನೆಯ ತಿಂಗಳುಗಳನ್ನು ಓಝರಿನ ತವರಿನಲ್ಲಿ ಕಳೆದೆ. ನಾಸಿಕದ ಆಸ್ಪತ್ರೆಯಲ್ಲಿ ದಿನ ತುಂಬುವ ಸ್ವಲ್ಪ ಮೊದಲೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ತೂಕವಾಗಿಯೇ ಇದ್ದಳು. ಹುಟ್ಟಿದ ಸ್ವಲ್ಪ ಹೊತ್ತಿಗೆ ಅವಳ ಸಕ್ಕರೆ ಕೆಳಗಿಳಿಯಿತು. ಒಳಗಿರುವಾಗ ನನ್ನ ರಕ್ತದ ಸಕ್ಕರೆಗೆ ಹೊಂದಿಕೊಂಡಿದ್ದ ಅವಳ ದೇಹ ಇನ್ನೂ ಅದೇ ಲೆಕ್ಕದಲ್ಲಿ ಇನ್ಸುಲಿನ್ ಮಾಡುತ್ತಿತ್ತಂತೆ. ಹಿಮ್ಮಡಿ ಚುಚ್ಚಿ ರಕ್ತ ನೋಡಿದರು. ಹಾಲು ಕುಡಿಸಿದರು, ಸಾಲದೆ ನರಕ್ಕೆ ಗ್ಲುಕೋಸ್ ಕೊಟ್ಟರು. ಮಕ್ಕಳ ಕೋಣೆಯಲ್ಲಿ ಅವಳು, ಕೆಳಗಿನ ಮಹಡಿಯಲ್ಲಿ ನಾನು, ಇಬ್ಬರ ಕೈಯಲ್ಲೂ ಸೂಜಿ. ಅವಳು ಹುಟ್ಟಿದ ಗಳಿಗೆಯಿಂದ ನನ್ನ ಇನ್ಸುಲಿನ್ನಿನ ಅಗತ್ಯವೂ ಅರ್ಧಕ್ಕಿಂತ ಕೆಳಗೆ ಬಿತ್ತು. ಅವಳನ್ನು ಮೊದಲ ಸಲ ಎದೆಗೆ ಹಚ್ಚಿಕೊಂಡಾಗ ಸಕ್ಕರೆ ಬಿದ್ದು ನನ್ನ ಬೆರಳುಗಳು ಜೋಮು ಹಿಡಿದವು. ಅವ್ವ ನನ್ನ ಬಾಯಿಗೆ ಬಾಳೆಹಣ್ಣು ತುರುಕಿದಳು, ನಾನು ಅಗಿಯುತ್ತ ಹಾಲುಣಿಸಿದೆ. ಮೂರು ದಿನದಲ್ಲಿ ಅವಳ ಸೂಜಿ ತೆಗೆದರು.

ಈಗ ಅವಳು ಬಾಲವಾಡಿಗೆ ಹೋಗುತ್ತಾಳೆ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ನಾನು ವಾಳೂಜಿನ ಕೆಲಸಕ್ಕೆ ಮರಳಿದ್ದೇನೆ. ಇನ್ನೊಂದು ಮಗುವಿನ ವಿಷಯ ನಾನೂ ಗಂಡನೂ ಒಂದೇ ಸಂಜೆಯಲ್ಲಿ ಮಾತಾಡಿ ಮುಗಿಸಿದೆವು. ಅತ್ತೆಗೆ ಹೇಳಿರಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ರಜೆಯ ದಿನ, ಇಬ್ಬರೂ ಮೆಂತ್ಯ ಸೊಪ್ಪು ಸೋಸುತ್ತ ಕುಳಿತಿದ್ದಾಗ ಅವರೇ ಕೇಳಿದರು.

“ಇನ್ನೊಂದು ಬ್ಯಾಡೇನು?”

“ಬ್ಯಾಡ್ರಿ, ಅತ್ತಿ.”

ಅವರು ಕೈಯಲ್ಲಿದ್ದ ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಮುಗಿಸಿದರು.

“ಆತು,” ಎಂದರು. “ನಾನೂ ಅದನ್ನ ಮತ್ತೊಮ್ಮಿ ನೋಡಲಾರೆ.”